ಮೂರೇ ವರ್ಷ ಬಾಳಿದ ಬೆಂಗಳೂರು ಓಪನ್ ಮಹಿಳಾ ಟೂರ್ನಿ

ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳದಲ್ಲಿ 2006ರಿಂದ 2008ರವರೆಗೆ ನಡೆದ ಬೆಂಗಳೂರು ಓಪನ್ ಮಹಿಳಾ ಟೂರ್ನಿಯನ್ನು ಪ್ರೇಕ್ಷಕರ ದೃಷ್ಟಿಯಿಂದ ತೂಗಿದರೆ, ಮೊದಲೆರಡು ವರ್ಷ ಅದು ಸಾಧಾರಣಕ್ಕಿಂತ ತುಸು ಮೇಲಿತ್ತು. ಮೂರನೇ ವರ್ಷದ್ದಕ್ಕೆ ಸರಿಸಾಟಿಯಾದ ಮಹಿಳಾ ಟೂರ್ನಿ ಭಾರತದಲ್ಲಿ ಅದುವರೆಗೆ ನಡೆದಿರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಹೈದರಾಬಾದಿನಿಂದ ಇಲ್ಲಿಗೆ ಬಂದಾಗ ಇದು ಮಹಿಳಾ ಟೆನಿಸ್ ಸಂಘವಾದ ಡಬ್ಲ್ಯುಟಿಎ ಪಟ್ಟಿಯಲ್ಲಿ ಮೂರನೇ ಶ್ರೇಣಿಯ ಟೂರ್ನಿಯಾಗಿತ್ತು. ಮೊದಲ ವರ್ಷ ಇಟಲಿಯ ಮಾರಾ ಸಾಂತಾಂಜೆಲೊ ಗೆದ್ದರು. ಮರುವರ್ಷ ಫೈನಲ್‌ನಲ್ಲಿ ಅವರನ್ನೇ ಮಣಿಸಿ ಯಾರೋಸ್ಲಾವಾ ಶ್ವೆಡೋವಾ ಪ್ರಶಸ್ತಿ ಪಡೆದರು. ಇಬ್ಬರಿಗೂ ಇದೇ ವೃತ್ತಿಜೀವನದ ಏಕೈಕ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿಯಾಗಿ ಉಳಿಯಿತು. ಹೆಸರಾಂತ ಆಟಗಾರ್ತಿಯರನ್ನೇ ನೋಡಲು ಬಂದವರಿಗೆ ಇದು ಸಪ್ಪೆಯೆನಿಸಿರಬಹುದಾದರೂ, 2006ರಲ್ಲಿ ಲೀಜೆಲ್ ಹ್ಯೂಬರ್ ಜೊತೆಗೂಡಿ ಸಾನಿಯಾ ಮಿರ್ಜಾ ಗೆದ್ದ ಡಬಲ್ಸ್ ಪ್ರಶಸ್ತಿ ಆ ಕೊರತೆಯನ್ನು ಸಾಕಷ್ಟು ತುಂಬಿತು.

2008ರಲ್ಲಿ ಟೂರ್ನಿ ಎರಡನೇ ಶ್ರೇಣಿಗೇರಿ, ಬಹುಮಾನದ ಮೊತ್ತ 6 ಲಕ್ಷ ಡಾಲರ್ ಆಯಿತು. ಅಮೆರಿಕದ ವಿಲಿಯಮ್ಸ್ ಸಹೋದರಿಯರಾದ ವೀನಸ್, ಸೆರೆನಾ ಹಾಗೂ ಸರ್ಬಿಯಾದ ಯೆಲೆನಾ ಯಾಂಕೊವಿಚ್ ಮೂವರೂ ಬಂದರು. 2005ರ ಯುಎಸ್ ಓಪನ್ ಬಳಿಕ ಮುಖಾಮುಖಿಯಾಗದಿದ್ದ ಅಕ್ಕತಂಗಿಯರು ಇಲ್ಲಿನ ಸೆಮಿಫೈನಲ್‌ನಲ್ಲಿ ಎದುರಾದರು. ಮೂರನೇ ಸೆಟ್ಟಿನಲ್ಲಿ ಮ್ಯಾಚ್ ಪಾಯಿಂಟ್ ಒಂದನ್ನು, ಅಂದರೆ ಕಳೆದುಕೊಂಡರೆ ಪಂದ್ಯವೇ ಕೈಜಾರುವ ಅಂಕವನ್ನು, ಉಳಿಸಿಕೊಂಡ ಸೆರೆನಾ 6-3, 3-6, 7-6ರಿಂದ ಅಕ್ಕನನ್ನು ದಾಟಿ, ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನು 7-5, 6-3ರಿಂದ ಸೋಲಿಸಿದರು. ಫೈನಲ್ಲಿಗಿಂತ ಸೆಮಿಫೈನಲ್ಲೇ ಆ ವಾರದ ನಿಜವಾದ ತಿರುಳು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ತೆಳುಗಾಳಿಯಲ್ಲಿ ಚೆಂಡು ವೇಗವಾಗಿ ಸಾಗುವುದರಿಂದ, ಬಿರುಸಾದ ಸರ್ವ್ ಇರುವವರಿಗೆ ಅಂಕಣ ಒಲಿಯುವುದು ಸಹಜವೇ.

ಇಂಥ ತಾರೆಯರು ಬಂದದ್ದಕ್ಕೆ ಹಣದಷ್ಟೇ ದಿನಾಂಕವೂ ಕಾರಣವೆಂದು ನನಗನ್ನಿಸುತ್ತದೆ. ಮಾರ್ಚ್ ಮೊದಲ ವಾರ ಮುಗಿಯುತ್ತಿದ್ದಂತೆ ಉಳಿದವರೆಲ್ಲ ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್ ಟೂರ್ನಿಗೆ ಧಾವಿಸಬೇಕಿತ್ತು. 2001ರಿಂದ ಆ ಟೂರ್ನಿಯನ್ನು ಬಹಿಷ್ಕರಿಸಿದ್ದ ವಿಲಿಯಮ್ಸ್ ಸಹೋದರಿಯರಿಗೆ ಮಾತ್ರ ಆ ಅವಸರವಿರಲಿಲ್ಲ. ಎಲ್ಲರಿಗೂ ಅನಾನುಕೂಲವಾದ ವಾರವೊಂದು ಇಬ್ಬರಿಗೆ ಅನುಕೂಲವಾದದ್ದು ಅದೃಷ್ಟವೇ ಸರಿ. ಹೀಗೆ ಒದಗಿಬಂದ ಆಕರ್ಷಣೆಯನ್ನು ನೆಚ್ಚಿಕೊಂಡು ಟೂರ್ನಿ ಹಲವು ವರ್ಷ ನಡೆಯುವುದು ಕಷ್ಟವಿತ್ತು.

ಕೊರತೆಯೂ ಇತ್ತು. ವಿವಾದಗಳಿಂದ ಬೇಸತ್ತ ಸಾನಿಯಾ ಆ ವರ್ಷ ಇಲ್ಲಿ ಆಡುವುದಿಲ್ಲವೆಂದು ಮೊದಲೇ ಘೋಷಿಸಿದ್ದರಿಂದ, ಅತ್ಯುತ್ತಮ ಆವೃತ್ತಿಯಲ್ಲಿಯೇ ದೇಶದ ಅಗ್ರ ಆಟಗಾರ್ತಿಯಿರಲಿಲ್ಲ. 2009ರಲ್ಲಿ ಡಬ್ಲ್ಯುಟಿಎ ಶ್ರೇಣಿಗಳನ್ನು ರದ್ದುಪಡಿಸಿ ವೇಳಾಪಟ್ಟಿಯನ್ನು ಮರುರೂಪಿಸಿದಾಗ ಬೆಂಗಳೂರಿಗೆ ಅದರಲ್ಲಿ ಸ್ಥಾನ ಸಿಗಲಿಲ್ಲ. ಡಬ್ಲ್ಯುಟಿಎ ಮುಖ್ಯ ಪ್ರವಾಸದ ಟೂರ್ನಿಯೊಂದು ಭಾರತಕ್ಕೆ ಮರಳಲು 2022ರ ಚೆನ್ನೈ ಓಪನ್‌ವರೆಗೆ ಕಾಯಬೇಕಾಯಿತು.

ಹಳೆಯ ಪಂದ್ಯಗಳನ್ನು ಹುಡುಕುವವರು ಗಮನಿಸಬೇಕಾದ ಒಂದು ಸಂಗತಿಯಿದೆ: 2015ರಿಂದ ಇದೇ ಊರಿನ ಹೆಸರಿನಲ್ಲಿ ನಡೆಯುತ್ತಿರುವುದು ಪುರುಷರ ಚಾಲೆಂಜರ್ ಟೂರ್ನಿ, ಅಂದರೆ ಮುಖ್ಯ ಪ್ರವಾಸಕ್ಕಿಂತ ಒಂದು ಹಂತ ಕೆಳಗಿನದು; ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಮಯ ಕಡಿಮೆಯಿದ್ದವರು 2008ರ ಆ ಸೆಮಿಫೈನಲ್ಲಿನ ಮೂರನೇ ಸೆಟ್ ಒಂದನ್ನು ನೋಡಿದರೂ ಸಾಕು.