ಹಳೇ ಲಾರಿ ಲೀಸ್‌ಗೆ ತಗೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಹಾಸನ, ಚಿಕ್ಕಮಗಳೂರು ಕಡೆಯ ಲಾರಿಯವರ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಮತ್ತೆ ಅದೇ ಥರದ ಮೆಸೇಜ್ ಓಡಾಡುತ್ತಿದೆ. 'ಹತ್ತು ಚಕ್ರ, ರನ್ನಿಂಗ್ ಕಂಡೀಷನ್, ಲೀಸ್‌ಗೆ ಇದೆ. ಲೋನ್ ಬೇಡ, ಸಿಬಿಲ್ ಬೇಡ. ಅಡ್ವಾನ್ಸ್ ಕೊಡಿ, ಗಾಡಿ ಹೊಡ್ಕೊಂಡು ಹೋಗಿ.' ಕೆಳಗೆ ತೊಳೆದು ಸಾಲಾಗಿ ನಿಲ್ಲಿಸಿದ ಲಾರಿಗಳ ಫೋಟೋ.

ಇಂಥದ್ದೇ ಮೆಸೇಜ್ ನೋಡಿ 2023ರ ಜೂನ್‌ನಲ್ಲಿ ನಾವು ನಾಲ್ಕು ಗಾಡಿ ತಂದೆವು. ಮೂರು ಹತ್ತು ಚಕ್ರದ್ದು, ಒಂದು ಆರು ಚಕ್ರದ್ದು. ಇವತ್ತು ಒಂದೂ ನಮ್ಮ ಹತ್ತಿರ ಇಲ್ಲ. ಗಾಡಿಗೆ ಎರಡು ಲಕ್ಷದಂತೆ ಕೊಟ್ಟ ಅಡ್ವಾನ್ಸೂ ವಾಪಸ್ ಬಂದಿಲ್ಲ. ಕೊಟ್ಟ ಪಾರ್ಟಿ ಹೊರಜಿಲ್ಲೆಯವರು. ಹೆಸರು ಬರೆಯುವುದಿಲ್ಲ, ವಿಷಯ ಕೋರ್ಟ್‌ನಲ್ಲಿದೆ. ಈ ಆಟ ಹೇಗೆ ನಡೆಯುತ್ತೆ ಅನ್ನೋದನ್ನಷ್ಟೇ ಹೇಳುತ್ತೇನೆ.

ನಮ್ಮದು ಸಣ್ಣ ಟ್ರಾನ್ಸ್‌ಪೋರ್ಟ್. ಅಣ್ಣ ಗಾಡಿ, ಡ್ರೈವರ್ ನೋಡಿಕೊಳ್ಳುತ್ತಾನೆ. ನಾನು ಲೆಕ್ಕ, ಕಾಗದ ಪತ್ರ. ಹಾಸನದಿಂದ ಮಂಗಳೂರಿಗೆ ಕಾಫಿ ಮೂಟೆ, ಬರುವಾಗ ಪಣಂಬೂರಿನಿಂದ ಗೊಬ್ಬರ. ಸೀಸನ್‌ನಲ್ಲಿ ಶುಂಠಿ, ಆಲೂಗಡ್ಡೆ ಹೊರರಾಜ್ಯಕ್ಕೆ. ಆ ವರ್ಷ ಲೋಡ್ ಜಾಸ್ತಿ ಸಿಕ್ಕಿತ್ತು, ಗಾಡಿ ಸಾಲುತ್ತಿರಲಿಲ್ಲ. ಹೊಸದು ತೆಗೆಯೋಣ ಅಂದರೆ ಬಾಡಿ ಕಟ್ಟಿಸಿ ರಸ್ತೆಗೆ ಬರುವಷ್ಟರಲ್ಲಿ ಸಾಲದ ಲೆಕ್ಕ ನೋಡಿಯೇ ನಿದ್ದೆ ಹಾರಿಹೋಗುತ್ತೆ. ಮೇಲಾಗಿ 2020ರ ಏಪ್ರಿಲ್‌ನಿಂದ ಬಂದಿರೋದೆಲ್ಲ ಬಿಎಸ್-6, ಅಂದರೆ ಹೊಗೆ ನಿಯಮದ ಹೊಸ ಹಂತದ್ದು. ಹೊಗೆ ಶುದ್ಧ ಮಾಡೋ ಯೂರಿಯಾ ಟ್ಯಾಂಕು, ಸೆನ್ಸಾರು, ಒಂದು ಲೈಟ್ ಉರಿದರೂ ಲ್ಯಾಪ್‌ಟಾಪ್ ಹಿಡಿದವನೇ ಬರಬೇಕು. ಹಳೇ ಬಿಎಸ್-3 ಗಾಡಿಯಾದರೆ ಚನ್ನರಾಯಪಟ್ಟಣದಲ್ಲಿ ಕೆಟ್ಟರೂ ಉಪ್ಪಿನಂಗಡಿಯಲ್ಲಿ ಕೆಟ್ಟರೂ ಮೇಸ್ತ್ರಿ ಸಿಗುತ್ತಾನೆ. ಹಾಗಾಗಿ ಹಳೇ ಗಾಡಿ ಅನ್ನೋದೇ ತಪ್ಪು ಅಂತ ನಾನು ಈಗಲೂ ಹೇಳಲ್ಲ. ನಮ್ಮ ಸ್ವಂತ ಹಳೇ ಗಾಡಿಗಳು ಈಗಲೂ ಓಡುತ್ತಿವೆ. ನನ್ನ ತಕರಾರು ಇರೋದು ಇನ್ನೊಬ್ಬರ ಹಳೇ ಗಾಡಿಯನ್ನು ಲೀಸ್ ಕಾಗದದ ಮೇಲೆ ಓಡಿಸೋದರ ಬಗ್ಗೆ. ಮಾಲೀಕನ ಕಷ್ಟ ಪೂರ್ತಿ ನಿಮಗೆ, ಮಾಲೀಕನ ಹಕ್ಕು ಒಂದೂ ಇಲ್ಲ.

ನೋಡೋಕೆ ಹೋದಾಗ ಗಾಡಿಗಳು ಚೆನ್ನಾಗಿಯೇ ಇದ್ದವು. ಹೊಸ ಪೇಂಟ್, ಬಂಪರ್‌ಗೆ ಚೆಂಡುಹೂವಿನ ಹಾರ, ಟೈರಿಗೆ ಕರಿ ಪಾಲಿಶ್. ನಮ್ಮ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆವು. ಅವರು ಪೇಂಟ್ ಕಡೆ ತಿರುಗಿಯೂ ನೋಡಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿಸಿ ಆಯಿಲ್ ಹಾಕುವ ಕ್ಯಾಪ್ ತೆಗೆದು ಮೇಲೆ ಅಂಗೈ ಹಿಡಿದರು. ಬಿಸಿ ಹೊಗೆ ಪುಸಪುಸ ಅಂತ ಕೈಗೆ ಹೊಡೆದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಲೆಕ್ಕ. ಆಮೇಲೆ ಏರ್ ತುಂಬುವವರೆಗೆ ಕಾದು, ಎಂಜಿನ್ ಆಫ್ ಮಾಡಿಸಿ, ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮೀಟರ್ ಮುಳ್ಳು ನೋಡುತ್ತಾ ಕೂತರು. ಮುಳ್ಳು ಇಳಿಯುತ್ತಾ ಹೋದರೆ ಎಲ್ಲೋ ಏರ್ ಸೋರುತ್ತಿದೆ. ಶಿರಾಡಿ ಘಾಟ್ ಇಳಿಯುವ ಗಾಡಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಕೊನೆಗೆ ಟಾರ್ಚ್ ಹಿಡಿದು ಕೆಳಗೆ ತೂರಿದರು. ಒಂದು ಗಾಡಿಯ ಚಾಸಿಯ ಮೇಲೆ, ಹಿಂದಿನ ಸ್ಪ್ರಿಂಗ್ ಬ್ರ್ಯಾಕೆಟ್ ಪಕ್ಕ ಪೇಂಟ್ ಸ್ವಲ್ಪ ದಪ್ಪಗಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆರೆದರು. ಕರಿ ಪೇಂಟ್ ಸಿಪ್ಪೆ ಎದ್ದು ಬಂತು, ಕೆಳಗೆ ಗೇಣುದ್ದ ವೆಲ್ಡಿಂಗ್ ಗೆರೆ. ಕ್ಯಾಬಿನ್ ಹಿಂದೆ ಕೆಲಸಕ್ಕೆ ಬಾರದ ಬೋಲ್ಟ್ ತೂತುಗಳು, ಅಲ್ಲೊಂದು ಕತ್ತರಿಸಿದ ಹೈಡ್ರಾಲಿಕ್ ಪೈಪಿನ ತುಂಡು. 'ಇದು ಕ್ರಷರ್‌ನಲ್ಲಿ ದುಡಿದ ಟಿಪ್ಪರ್ ಕಣಪ್ಪ. ಡಬ್ಬ ಕಿತ್ತು ಲಾರಿ ಬಾಡಿ ಕೂರಿಸವ್ರೆ' ಅಂದರು. ಆರ್‌ಸಿ ತೆಗೆದು ನೋಡಿದೆ. ಬಾಡಿ ಅನ್ನುವ ಕಡೆ ಟಿಪ್ಪರ್ ಅಂತಲೇ ಇತ್ತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಟಿಓ ಒಪ್ಪಿಗೆ ಇಲ್ಲದೆ ಹೀಗೆ ಬದಲಾಯಿಸುವ ಹಾಗಿಲ್ಲ. ನಾಳೆ ಆ್ಯಕ್ಸಿಡೆಂಟ್ ಆದರೆ ಇನ್ಶೂರೆನ್ಸ್ ಸರ್ವೇಯರ್ ಮೊದಲು ಹಿಡಿಯೋದೇ ಇದನ್ನು.

ಪಾರ್ಟಿಗೆ ಒಂಚೂರೂ ಮುಜುಗರ ಆಗಲಿಲ್ಲ. 'ಬಿಡಿ ಸಾರ್, ಇದು ಬೇಡ ಅಂದ್ರೆ ಬೇರೆ ಕೊಡ್ತೀನಿ' ಅಂದ. ಸಂಜೆಯೊಳಗೆ ಇನ್ನೊಂದು ಹತ್ತು ಚಕ್ರ ತಂದು ನಿಲ್ಲಿಸಿದ. ಅದರ ಚಾಸಿ ಸರಿಯಿತ್ತು, ಎಂಜಿನ್ ಸರಿಯಿತ್ತು, ಮೇಸ್ತ್ರಿಯೂ ಒಪ್ಪಿದರು.

ಮುಂದೆ ನಮ್ಮ ಕೈ ಕಚ್ಚಿದ್ದು ಅದೇ ಗಾಡಿ.

2024ರ ಮಳೆಗಾಲದ ಕೊನೆ. ಪಣಂಬೂರಿನಿಂದ ಯೂರಿಯಾ ತುಂಬಿಕೊಂಡು ಬರುತ್ತಿತ್ತು. ಡ್ರೈವರ್ ಘಾಟ್ ಬುಡದ ಗುಂಡ್ಯದಲ್ಲಿ ಟೀ ಕುಡಿಯೋಕೆ ನಿಲ್ಲಿಸಿದ್ದಾನೆ. ಮಧ್ಯರಾತ್ರಿ ದಾಟಿತ್ತು. ಫೋನ್ ಬಂತು. 'ಅಣ್ಣ, ಯಾರೋ ಕಾರಲ್ಲಿ ಬಂದವ್ರೆ. ಫೈನಾನ್ಸ್‌ನವ್ರಂತೆ. ನಂಬರ್ ಮೊಬೈಲಲ್ಲಿ ಹೊಡೆದು ನೋಡಿದ್ರು, ಕೀ ಕೊಡು ಅಂತಾವ್ರೆ. ಏನ್ ಮಾಡ್ಲಿ?' ನಾನು ಫೋನ್ ಅವರ ಕೈಗೆ ಕೊಡಿಸಿದೆ. ಲೀಸ್ ಅಗ್ರಿಮೆಂಟ್ ಇದೆ, ತಿಂಗಳು ತಿಂಗಳು 48 ಸಾವಿರ ಕಟ್ಟುತ್ತಿದ್ದೇವೆ ಅಂದೆ. 'ನೀವು ಯಾರಿಗೆ ಕಟ್ತಿದ್ದೀರೋ ನಮಗೆ ಗೊತ್ತಿಲ್ಲ ಸಾರ್. ನಮಗೆ ಕಂತು ಬಂದು ತುಂಬಾ ದಿನ ಆಯ್ತು' ಅಂದರು. ಮಾತು ಮರ್ಯಾದೆಯಾಗೇ ಇತ್ತು. ಕೀ ಮಾತ್ರ ವಾಪಸ್ ಕೊಡಲಿಲ್ಲ.

ಸಾಲ ವಸೂಲಿಗೆ ಜನ ಬಿಟ್ಟು ಬಲವಂತವಾಗಿ ಗಾಡಿ ಕಿತ್ತುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಗುಂಡ್ಯದಲ್ಲಿ ಮಳೆಯಲ್ಲಿ ಒಬ್ಬನೇ ನಿಂತ ಡ್ರೈವರ್‌ಗೆ ಆ ತೀರ್ಪು ಏನು ಮಾಡಬೇಕು?

ಗಾಡಿ ಜೊತೆ ಲೋಡೂ ಹೋಯಿತು. ಅದನ್ನು ಬಿಡಿಸಿಕೊಳ್ಳೋಕೆ ಬಿಲ್ಲು, ಪತ್ರ, ಡೀಲರ್ ಕಡೆಯಿಂದ ಲೆಟರ್ ಅಂತ ಓಡಾಡಿ ನಮ್ಮ ಬೇರೆ ಗಾಡಿ ಕಳಿಸುವಷ್ಟರಲ್ಲಿ ಯಾರ್ಡ್‌ನಲ್ಲಿ ಟಾರ್ಪಾಲ್ ಸಂದಿಯಿಂದ ನೀರು ಇಳಿದಿತ್ತು. ಯೂರಿಯಾ ನಿಮಗೆ ಗೊತ್ತಲ್ಲ, ತೇವ ಹೀರಿ ಗಟ್ಟಿಯಾಗುತ್ತೆ. 45 ಕೆಜಿಯ ಮೂಟೆ ಎತ್ತಿ ಕೆಳಗೆ ಹಾಕಿದರೆ ಧಡ್ ಅಂತ ಕಲ್ಲಿನ ಸದ್ದು. ಡೀಲರ್ ಆ ಮೂಟೆಗಳ ದುಡ್ಡನ್ನೆಲ್ಲ ನಮ್ಮ ಬಾಡಿಗೆಯಲ್ಲಿ ಹಿಡಿದುಕೊಂಡರು. ಎರಡು ಸಲ ಹಮಾಲಿ ಕೂಲಿ ಬೇರೆ.

ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡಿತು. ಆರ್‌ಸಿ ಇರೋದು ಇನ್ಯಾರದೋ ಹೆಸರಲ್ಲಿ. ಆತ ಸಾಲ ಮಾಡಿ ಗಾಡಿ ತೆಗೆದಿದ್ದ, ಕಂತು ಕಟ್ಟೋಕಾಗದೆ ಈ ಪಾರ್ಟಿ ಕೈಗೆ ಕೊಟ್ಟಿದ್ದ. 'ಉಳಿದ ಕಂತು ನಾನು ಕಟ್ಕೊಂಡು ಹೋಗ್ತೀನಿ' ಅಂತ ಬರೀ ಬಾಯಿಮಾತು. ಪಾರ್ಟಿ ಆತನಿಂದ ಒಂದು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮಾಡಿಸಿಕೊಂಡು ನಮಗೆ ಲೀಸ್‌ಗೆ ಕೊಟ್ಟ. ನಮ್ಮಿಂದ ತಿಂಗಳ ದುಡ್ಡು ತಗೊಂಡ, ಫೈನಾನ್ಸ್‌ಗೆ ಕಟ್ಟಲಿಲ್ಲ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರಿದೆಯಲ್ಲ ಅಂತ ಮೊದಲ ದಿನವೇ ಕೇಳಿದ್ದೆವು. ಸಾಲ ತೀರಿದೆ ಅಂತ ಫೈನಾನ್ಸ್ ಲೆಟರ್‌ಹೆಡ್‌ನ ಎನ್‌ಒಸಿ ತೋರಿಸಿದ್ದ. ಅದು ಬೇರೊಂದು ಗಾಡಿಯ ಎನ್‌ಒಸಿ. ನಂಬರ್ ತಿದ್ದಿ ಕಲರ್ ಜೆರಾಕ್ಸ್ ತೆಗೆದಿದ್ದು.

ಎನ್‌ಒಸಿ ಅಸಲಿಯೇ ಆಗಿದ್ದರೂ ಅದೊಂದರಿಂದ ಕೆಲಸ ಮುಗಿಯಲ್ಲ. ಫೈನಾನ್ಸ್‌ನವರೂ ಮಾಲೀಕರೂ ಫಾರಂ 35ಕ್ಕೆ ಸಹಿ ಹಾಕಿ, ಆರ್‌ಟಿಓದಲ್ಲಿ ಸಾಲದ ನಮೂದು ತೆಗೆಸಬೇಕು. ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನಂಬರ್ ಹೊಡೆದಾಗ ಫೈನಾನ್ಸ್ ಹೆಸರು ಇನ್ನೂ ಕಾಣುತ್ತಿದ್ದರೆ ಬಾಯಲ್ಲಿ ಯಾರು ಏನೇ ಹೇಳಲಿ, ಸಾಲ ಇದೆ ಅಂತಲೇ ತಿಳಿಯಿರಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಬ್ಲ್ಯಾಕ್‌ಲಿಸ್ಟ್ ಎಲ್ಲ ಅಲ್ಲೇ ಕಾಣುತ್ತೆ. ಆರ್‌ಸಿ ಮಾಲೀಕರ ಜೊತೆ ಎದುರಾಎದುರು ಕೂತು ಮಾತಾಡದೆ ಅಡ್ವಾನ್ಸ್ ಕೊಡಬೇಡಿ. ಜಿಪಿಎ ತೋರಿಸಿದರೆ ಅಲ್ಲೇ ಎದ್ದು ಬನ್ನಿ, ನನ್ನ ಅಭಿಪ್ರಾಯ ಇಷ್ಟೇ.

ಇನ್ನೊಂದು ವಿಷಯ, ಇದು ವಕೀಲರು ಹೇಳಿದ ಮೇಲೆ ನಮಗೆ ಗೊತ್ತಾಗಿದ್ದು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(30)ರಲ್ಲಿ ಮಾಲೀಕ ಅಂದರೆ ಯಾರು ಅಂತ ಹೇಳುವಾಗ, ಲೀಸ್ ಒಪ್ಪಂದದಲ್ಲಿರುವ ಗಾಡಿಗೆ ಅದನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರೇ ಮಾಲೀಕ ಅಂತಿದೆ. ಅಂದರೆ ಯಾರಿಗಾದರೂ ಗಾಡಿ ತಗುಲಿ ಕೇಸ್ ಆದರೆ ಪರಿಹಾರದ ನೋಟಿಸ್ ನಿಮ್ಮ ಬಾಗಿಲಿಗೂ ಬರಬಹುದು. ಅದೇ ಗಾಡಿ ಜಖಂ ಆದರೆ ಕ್ಲೇಮ್ ಹಣ ಹೋಗೋದು ಪಾಲಿಸಿಯಲ್ಲಿ ಹೆಸರಿರುವವರಿಗೆ. ನಾವು ನಾಲ್ಕೂ ಗಾಡಿಗೆ ಪ್ರೀಮಿಯಂ ಕಟ್ಟಿದ್ದೆವು. ಒಂದು ಪಾಲಿಸಿಯಲ್ಲೂ ನಮ್ಮ ಹೆಸರಿರಲಿಲ್ಲ.

ತೂಕದ ಲೆಕ್ಕದಲ್ಲೂ ಮೋಸ ಇದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕ ಏರಿಸಿತಲ್ಲ, ಹತ್ತು ಚಕ್ರದ ಗಾಡಿಯ ಒಟ್ಟು ತೂಕ 25 ಟನ್‌ನಿಂದ 28.5 ಟನ್‌ಗೆ ಹೋಯಿತು. ಲೀಸ್ ಕೊಡುವವರು ಆದಾಯದ ಲೆಕ್ಕ ಬರೆದು ತೋರಿಸೋದು 28.5ರ ಮೇಲೆ. ನಮ್ಮ 2012ರ ಗಾಡಿಗಳ ಆರ್‌ಸಿಯಲ್ಲಿದ್ದದ್ದು 25,000 ಕೆಜಿ. ತೂಕದ ಕಾಟಾ ಮೇಲೆ ನಿಲ್ಲಿಸಿದಾಗ ಇನ್ಸ್‌ಪೆಕ್ಟರ್ ನೋಡೋದು ಆರ್‌ಸಿಯನ್ನೇ. ಓವರ್‌ಲೋಡ್‌ಗೆ 20 ಸಾವಿರ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2 ಸಾವಿರ. ಟ್ರಿಪ್ಪಿಗೆ ಮೂರೂವರೆ ಟನ್ ಕಮ್ಮಿ ತುಂಬಿದರೆ ಅವರು ತೋರಿಸಿದ ಲಾಭ ಅಲ್ಲೇ ಕರಗುತ್ತೆ.

ಆರು ಚಕ್ರದ್ದು ಇನ್ನೊಂದು ಕಥೆ. ನ್ಯಾಷನಲ್ ಪರ್ಮಿಟ್ ಎರಡು ಆಕ್ಸಲ್ ಗಾಡಿಗೆ 12 ವರ್ಷದವರೆಗೆ, ಮಲ್ಟಿ ಆಕ್ಸಲ್‌ಗೆ 15 ವರ್ಷದವರೆಗೆ ಮಾತ್ರ. ನಮ್ಮದು 2012ರ ಶುರುವಿನ ಗಾಡಿ, ಲೀಸ್ ಮೂರು ವರ್ಷಕ್ಕೆ. ವರ್ಷ ತುಂಬುವ ಮೊದಲೇ ಎನ್‌ಪಿ ವಯಸ್ಸು ಮುಗಿಯಿತು, ಹೊರರಾಜ್ಯದ ಶುಂಠಿ ಲೋಡ್ ನಿಂತಿತು. ಲೀಸ್ ದುಡ್ಡು ಮಾತ್ರ ಅಷ್ಟೇ. ಲೀಸ್ ಮುಗಿಯುವ ದಿನಕ್ಕೆ ಗಾಡಿಗೆ ಎಷ್ಟು ವರ್ಷ ಆಗಿರುತ್ತೆ ಅಂತ ಮೊದಲೇ ಬೆರಳು ಮಡಚಿ ಎಣಿಸಿ. 8 ವರ್ಷ ದಾಟಿದ ಗಾಡಿಗೆ ಎಫ್‌ಸಿ ವರ್ಷ ವರ್ಷ ಮಾಡಿಸಬೇಕು. ಆ ಖರ್ಚು, ಗಾಡಿ ನಿಲ್ಲುವ ದಿನ, ಟಿಂಕರಿಂಗ್, ಪೇಂಟ್ ಎಲ್ಲ ಯಾರ ಲೆಕ್ಕ ಅಂತ ಅಗ್ರಿಮೆಂಟ್‌ನಲ್ಲಿ ಬರೆಸಿ. ನಮ್ಮದರಲ್ಲಿ 'ಸಕಲ ಖರ್ಚು ಎರಡನೇ ಪಾರ್ಟಿಯವರದ್ದು' ಅಂತ ಒಂದೇ ಸಾಲು ಇತ್ತು. ಎರಡನೇ ಪಾರ್ಟಿ ಅಂದರೆ ನಾವು.

ನಮ್ಮ ಕಡೆಯವರು ಬರೆಸಲೇಬೇಕಾದ ಮಾತು ಇನ್ನೊಂದಿದೆ. ಘಾಟ್ ಬಂದ್ ಆದರೆ ಏನು? 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಲುವಿನಲ್ಲಿ ಗುಡ್ಡ ಜರಿದಾಗ ಶಿರಾಡಿ ರಸ್ತೆ ತೆರೆಯೋದು, ಮತ್ತೆ ಮುಚ್ಚೋದು, ಇದೇ ಆಯಿತು. ಚಾರ್ಮಾಡಿಯಲ್ಲಿ ಭಾರೀ ಗಾಡಿ ಬಿಡಲ್ಲ. ಬಿಸಿಲೆ ಕಡೆ ಹತ್ತು ಚಕ್ರ ತಿರುಗಿಸೋ ಮಾತೇ ಇಲ್ಲ. ಮಡಿಕೇರಿ ಸುತ್ತಿ ಸಂಪಾಜೆಯಲ್ಲಿ ಇಳಿಯೋಣ ಅಂದರೆ ಡೀಸೆಲ್‌ಗೇ ಬಾಡಿಗೆ ಸಾಲಲ್ಲ, ಅಲ್ಲೂ ಮಳೆಗಾಲದಲ್ಲಿ ಗ್ಯಾರಂಟಿ ಇಲ್ಲ. ಸ್ವಂತ ಗಾಡಿಯಾದರೆ ನಿಲ್ಲಿಸಿ ಸುಮ್ನೆ ಕೂರಬಹುದು. ಲೀಸ್ ಗಾಡಿ ನಿಂತರೂ ಮೀಟರ್ ಓಡುತ್ತಲೇ ಇರುತ್ತೆ. ಸ್ವಲ್ಪ ಬಿಡಿ ಅಂತ ಅಣ್ಣ ಕೇಳಿದ್ದಕ್ಕೆ 'ಗುಡ್ಡ ಬಿದ್ರೆ ನಾನೇನ್ ಮಾಡ್ಲಿ ಸಾರ್' ಅಂದ. ಕಾಗದದಲ್ಲಿ ಇಲ್ಲದ ಮೇಲೆ ಅವನು ಹಾಗೇ ಹೇಳೋದು. ರಸ್ತೆ ಸರ್ಕಾರದ ಆದೇಶದಿಂದ ಬಂದ್ ಆದ ದಿನಗಳಿಗೆ ಲೀಸ್ ಅರ್ಧ ಅಂತಲೋ ಇಲ್ಲ ಅಂತಲೋ ಬರೆಸಿ. ಕರಾವಳಿ ಲೋಡ್ ನಂಬಿರುವ ಹಾಸನದವರಿಗೆ ಈ ಒಂದು ಸಾಲು ಉಳಿದೆಲ್ಲ ಷರತ್ತಿಗಿಂತ ದೊಡ್ಡದು.

ಖಾಲಿ ಚೆಕ್ ವಿಷಯ ಹೇಳದೆ ಮುಗಿಸೋ ಹಾಗಿಲ್ಲ. ಸೆಕ್ಯೂರಿಟಿಗೆ ಅಂತ ಸಹಿ ಹಾಕಿದ ಚೆಕ್ ಕೇಳುತ್ತಾರೆ, ಎಲ್ಲರೂ ಕೊಡುತ್ತಾರೆ. ಗಾಡಿ ಸೀಜ್ ಆದ ಮೇಲೆ ನಾವು ಲೀಸ್ ನಿಲ್ಲಿಸಿದೆವು, ಉಳಿದ ಮೂರು ಗಾಡಿಯನ್ನು ಫೈನಾನ್ಸ್‌ನವರು ಬರುವ ಮೊದಲೇ ಪಾರ್ಟಿಗೆ ವಾಪಸ್ ಒಪ್ಪಿಸಿ ಸಹಿ ತಗೊಂಡೆವು. ಅವನು ನಮ್ಮ ಚೆಕ್‌ಗೆ ದೊಡ್ಡ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿದ. ಬೌನ್ಸ್ ಆಯಿತು, ಸೆಕ್ಷನ್ 138ರ ನೋಟಿಸ್ ಬಂತು. ಆ ನೋಟಿಸ್ ಕೈಗೆ ಬಂದ ದಿನದಿಂದ 15 ದಿನ ಮಾತ್ರ ಟೈಮ್. ನಮ್ಮ ವಕೀಲರು ಅಷ್ಟರೊಳಗೆ ಉತ್ತರ ಕಳಿಸಿದರು. ಸೀಜ್ ಮಾಡಿದವರು ಡ್ರೈವರ್‌ಗೆ ಕೊಟ್ಟ ಚೀಟಿ, ತಿದ್ದಿದ ಎನ್‌ಒಸಿ, ಪ್ರತಿ ತಿಂಗಳು ಬ್ಯಾಂಕ್ ಮೂಲಕವೇ ಕಟ್ಟಿದ ಲೆಕ್ಕ, ಎಲ್ಲ ಜೊತೆಗಿಟ್ಟರು. ಈಗ ನಮ್ಮ ಪರವಾಗಿ ಏನಾದರೂ ಇದ್ದರೆ ಅದು ಆ ಬ್ಯಾಂಕ್ ಲೆಕ್ಕ. ಕ್ಯಾಶ್ ಕೊಟ್ಟಿದ್ದರೆ ಅದೂ ಇರುತ್ತಿರಲಿಲ್ಲ. ಚೆಕ್ ಕೊಡಲೇಬೇಕು ಅಂದರೆ ಅದರ ನಂಬರ್, ಯಾವುದಕ್ಕೆ ಕೊಟ್ಟಿದ್ದು ಅನ್ನೋದನ್ನು ಅಗ್ರಿಮೆಂಟ್‌ನಲ್ಲೇ ಬರೆಸಿ.

ಎರಡೂ ಕಡೆ ಕೇಸ್ ನಡೆಯುತ್ತಿದೆ. ಈ ನಡುವೆ ಅರಸೀಕೆರೆ ಕಡೆಯ ಒಬ್ಬರು ಅದೇ ಪಾರ್ಟಿ ಹತ್ತಿರ ಗಾಡಿ ನೋಡಿ ಬಂದು ನನಗೆ ಫೋನ್ ಮಾಡಿದ್ದರು. ನಂಬರ್ ಕೇಳಿ ಇಲ್ಲಿಂದಲೇ ಪರಿವಾಹನ್‌ನಲ್ಲಿ ಹಾಕಿದೆ. ಫೈನಾನ್ಸ್ ಹೆಸರು ಹಾಗೇ ಇದೆ. ಅಡ್ವಾನ್ಸ್ ಕೊಟ್ಟಾಗಿದೆಯಾ ಅಂತ ಕೇಳಿದೆ. ಅರ್ಧ ಕೊಟ್ಟಾಗಿದೆಯಂತೆ.