ಕಿಟಕಿಯ ಕಣಜ ಮತ್ತು ಮೊಬೈಲಿನ ಮ್ಯಾಕ್ರೊ ಲೆನ್ಸು

ಧಾರವಾಡದ ಸುಭಾಸ ರಸ್ತೆಯ ಅಂಗಡಿಯೊಂದರಲ್ಲಿ 450 ರೂಪಾಯಿಗೆ ಕೊಂಡ, ಮೊಬೈಲಿಗೆ ಸಿಕ್ಕಿಸಿ ಪುಟ್ಟ ವಸ್ತುಗಳನ್ನು ಹತ್ತಿರದಿಂದ ದೊಡ್ಡದಾಗಿ ಸೆರೆಹಿಡಿಯುವ ಮ್ಯಾಕ್ರೊ ಲೆನ್ಸನ್ನು ನಾನು ಈ ಮಳೆಗಾಲವಿಡೀ ಮನೆಯೊಳಗೆ ಕಾಣುವ ಪರಾವಲಂಬಿ ಕಣಜಗಳನ್ನು (ಬೇರೆ ಕೀಟಗಳನ್ನೋ ಅವುಗಳ ತತ್ತಿಗಳನ್ನೋ ತಿಂದು ಮರಿಹುಳು ಬೆಳೆಯುವ ಕಣಜಗಳನ್ನು) ಚಿತ್ರದಿಂದ ಗುರುತಿಸಲೆಂದೇ ಬಳಸಿದ್ದೇನೆ.

ಬಚ್ಚಲುಮನೆಯ ಕಿಟಕಿಯಲ್ಲಿ ಕುಳಿತಿದ್ದ ಕಪ್ಪು ಕೀಟದ ವಿಷಯದಲ್ಲಿ ಲೆನ್ಸು ನಿರೀಕ್ಷೆಗೂ ಮೀರಿ ಕೆಲಸ ಮಾಡಿತು. ಎದೆಯ ಮೇಲ್ಭಾಗದಿಂದ ಸಣ್ಣ ತೊಟ್ಟಿನ ತುದಿಗೆ ಬಾವುಟದಂತೆ ಅಂಟಿಕೊಂಡ ಪುಟ್ಟ ಚಪ್ಪಟೆ ಹೊಟ್ಟೆ ಸ್ಪಷ್ಟವಾಗಿ ಮೂಡಿದ್ದರಿಂದ, ಅದು ಇವಾನಿಡೇ ಎಂಬ ಕಣಜ ಕುಟುಂಬದ್ದೆಂದು ಹೇಳಲು ಪಕ್ಕದಿಂದ ತೆಗೆದ ಒಂದೇ ಚಿತ್ರ ಸಾಕಾಯಿತು. ಈ ಕಣಜ ಜಿರಳೆಯ ತತ್ತಿಕೋಶದಲ್ಲಿ ಮೊಟ್ಟೆಯಿಡುತ್ತದೆ; ಅದರ ಮರಿಹುಳು ಅಲ್ಲಿನ ತತ್ತಿಗಳನ್ನೆಲ್ಲ ತಿಂದು ಬೆಳೆಯುತ್ತದೆ. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ, ದಯವಿಟ್ಟು ಹೊಡೆಯಬೇಡಿ.

ನುಸಿ ಹಿಡಿದ ಹೆಸರುಕಾಳಿನ ಡಬ್ಬಿಯಿಂದ ಹೊರಬಂದ, 2–3 ಮಿಲಿಮೀಟರ್ ಉದ್ದದ ಕಣಜಗಳ ಮುಂದೆ ಮಾತ್ರ ಲೆನ್ಸಿನ ಮಿತಿ ತಿಳಿಯಿತು. ಅವನ್ನು ಗಾಜಿನ ಸೀಸೆಯಲ್ಲಿ ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟು ನಿಧಾನಗೊಳಿಸಿದರೂ, ರೆಕ್ಕೆಯಲ್ಲಿ ನರಗಳು ಬಹಳ ಕಡಿಮೆಯೆಂಬುದು ಕಂಡಿತೇ ಹೊರತು ಮೀಸೆಯ ಗಣ್ಣುಗಳನ್ನು ಎಣಿಸಲಾಗಲಿಲ್ಲ. ರೆಕ್ಕೆಯ ನರಗಳು ಕಡಿಮೆಯಿರುವ ಪುಟ್ಟ ಪರಾವಲಂಬಿ ಕಣಜಗಳಾದ ಚಾಲ್ಸಿಡ್ ಗುಂಪಿನದೆಂಬಲ್ಲಿಗೆ ನಿಲ್ಲಬೇಕಾಯಿತು. ಜಾತಿ ತಿಳಿಯಲು ಮಾದರಿಯನ್ನು ಮದ್ಯಸಾರದಲ್ಲಿಟ್ಟು ಕೀಟತಜ್ಞರಿಗೆ ಒಯ್ಯುವುದೇ ಸರಿ, ಕೃಷಿ ವಿಶ್ವವಿದ್ಯಾಲಯವಿರುವ ನಮ್ಮೂರಿನಲ್ಲಿ ಅದು ಕಷ್ಟವೂ ಅಲ್ಲ.

ಚಿತ್ರದ ಅಂಚುಗಳು ಮಸುಕಾಗುವುದರಿಂದ ಕೀಟವನ್ನು ನಡುವೆಯೇ ಹಿಡಿಯಬೇಕು. ಎರಡನೆಯ ತಿಂಗಳಲ್ಲೇ ಕ್ಲಿಪ್ಪಿನ ಸ್ಪ್ರಿಂಗ್ ಸಡಿಲವಾಯಿತು. ಅಂಗಡಿಯವರು ಬದಲಿಸಿ ಕೊಡಲಿಲ್ಲ.