ಶಕ್ತಿ ಬಸ್ಸು: ಟಿಕೆಟ್ ಸೊನ್ನೆ, ಖರ್ಚು ಸೊನ್ನೆಯಲ್ಲ

ಕರ್ನಾಟಕದಲ್ಲಿ 2023ರ ಜೂನ್ 11ರಂದು ಶುರುವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆಗೆ ಹೊಗಳಿಕೆಯೂ ಬೈಗುಳವೂ ಬೇಕಾದಷ್ಟು ಸಿಕ್ಕಿವೆ. ಎರಡರಲ್ಲೂ ರಾಜಕೀಯವೇ ಜಾಸ್ತಿ. ಇಲ್ಲಿ ಅದನ್ನು ಒಂದು ಸೇವೆ ಅಂತಲೇ ತೂಗಿ ನೋಡಿದ್ದೇವೆ.

ಮೊದಲು ಏನು ಸಿಗುತ್ತದೆ ಎಂಬುದು. ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಕರ್ನಾಟಕ, ಕಲ್ಯಾಣ ಕರ್ನಾಟಕ ಈ ನಾಲ್ಕೂ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಮಹಿಳೆಯರಿಗೆ, ಹೆಣ್ಣುಮಕ್ಕಳಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಟಿಕೆಟ್ ದುಡ್ಡಿಲ್ಲ. ಕಿಲೋಮೀಟರಿನ ಮಿತಿಯೂ ಇಲ್ಲ. ಬೀದರ್‌ನಲ್ಲಿ ಹತ್ತಿ, ಬಸ್ಸು ಬದಲಾಯಿಸುತ್ತಾ ಚಾಮರಾಜನಗರದಲ್ಲಿ ಇಳಿದರೂ ಸೊನ್ನೆಯೇ. ತಮಿಳುನಾಡಿನಲ್ಲಿ 2021ರಲ್ಲಿ ಬಂದ ಯೋಜನೆ ಸಾಮಾನ್ಯ ಟೌನ್ ಬಸ್ಸುಗಳಿಗಷ್ಟೇ ಸೀಮಿತ. ಅದಕ್ಕೆ ಹೋಲಿಸಿದರೆ ನಮ್ಮದು ಕೈಬಿಚ್ಚಿ ಕೊಟ್ಟದ್ದು. ರಾಜಹಂಸ, ಐರಾವತ, ಅಂಬಾರಿ, ಪಲ್ಲಕ್ಕಿ, ವಜ್ರ, ವಾಯುವಜ್ರದಂಥ ಐಷಾರಾಮಿ ಬಸ್ಸು ಹತ್ತಿದರೆ ಮಾತ್ರ ಪೂರ್ತಿ ದುಡ್ಡು ಕೊಡಬೇಕು. ಹೊರರಾಜ್ಯಕ್ಕೆ ಹೋಗುವವರಿಗೂ ಅಷ್ಟೇ.

ಬೇಕಾದದ್ದು ಒಂದೇ, ಕರ್ನಾಟಕದ ವಿಳಾಸ ಮತ್ತು ಫೋಟೊ ಎರಡೂ ಇರುವ ಗುರುತಿನ ಚೀಟಿ. ಆಧಾರ್, ವೋಟರ್ ಐಡಿ, ಡಿಎಲ್ ನಡೆಯುತ್ತವೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವೇ ಇಲ್ಲ, ಹಾಗಾಗಿ ಅದನ್ನು ತೋರಿಸಿ ಪ್ರಯೋಜನವಿಲ್ಲ. ಜಗಳ ಬೇಡ ಅನ್ನುವವರು ಮೂಲ ಕಾರ್ಡನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಮೊಬೈಲಿನಲ್ಲಿ ತೆಗೆದ ಮಸುಕು ಫೋಟೊಕ್ಕೆ ಒಬ್ಬ ಕಂಡಕ್ಟರ್ ಸರಿ ಅಂದರೆ ಇನ್ನೊಬ್ಬರು ಒಪ್ಪುವುದಿಲ್ಲ. ಹೆಚ್ಚು ತಂಟೆ ಬರುವುದು ಹೊರಗಿನಿಂದ ಬಂದು ಇಲ್ಲೇ ನೆಲೆಸಿದವರಿಗೆ. ಹತ್ತು ವರ್ಷದಿಂದ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿರುವವರ ಆಧಾರ್ ಇನ್ನೂ ಒಡಿಶಾದ ವಿಳಾಸದಲ್ಲೇ ಇದ್ದರೆ ಟಿಕೆಟ್ ಕೊಳ್ಳಲೇಬೇಕು. ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಓಡಾಡುವ ಕನ್ನಡತಿಗೂ ಇದೇ ಗತಿ. ಭಾಷೆ ಯಾವುದಾದರೇನು, ಕಂಡಕ್ಟರ್ ನೋಡುವುದು ಪಿನ್‌ಕೋಡು. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿಸಿ ಮೂರು ತಿಂಗಳಲ್ಲಿ ಸ್ಮಾರ್ಟ್ ಕಾರ್ಡ್ ಕೊಡುತ್ತೇವೆ ಎಂದು ಆರಂಭದಲ್ಲಿ ಹೇಳಿದ್ದರು. ಯೋಜನೆಗೆ ಎರಡು ವರ್ಷ ತುಂಬಿದಾಗಲೂ ಕಂಡಕ್ಟರ್‌ಗಳು ಆಧಾರ್ ಕಾರ್ಡನ್ನೇ ತಿರುಗಿಸಿ ನೋಡುತ್ತಿದ್ದರು.

ಇಡೀ ಯೋಜನೆಯ ಕೀಲಿ ಇರುವುದು ಶೂನ್ಯ ಟಿಕೆಟ್‌ನಲ್ಲಿ. "ದುಡ್ಡೇ ಇಲ್ಲದ ಮೇಲೆ ಚೀಟಿ ಯಾಕ್ರೀ" ಅಂತ ಬಹಳ ಜನ ಕೇಳುತ್ತಾರೆ. ಮಷಿನ್ ಹರಿದು ಕೊಡುವ ಆ ಚೀಟಿಯಲ್ಲಿ ನೀವು ಕೊಡಬೇಕಾದದ್ದು ಸೊನ್ನೆ. ಆದರೆ ಎಲ್ಲಿಂದ ಎಲ್ಲಿಗೆ, ಆ ದೂರಕ್ಕೆ ದರ ಎಷ್ಟು ಎಂಬುದು ಲೆಕ್ಕಕ್ಕೆ ಸೇರುತ್ತದೆ. ಸರ್ಕಾರದಿಂದ ನಿಗಮ ಹಣ ಕೇಳುವುದು ಇದರ ಮೇಲೆ. ಚೀಟಿ ಹರಿಯದಿದ್ದರೆ ನಿಗಮಕ್ಕೆ ಆ ಪ್ರಯಾಣ ನಡೆದೇ ಇಲ್ಲ. ಆದ್ದರಿಂದ ಚೆಕಿಂಗ್‌ನವರು ಹತ್ತಿದಾಗ ಚೀಟಿ ಇಲ್ಲದ ಮಹಿಳೆಗೂ ದಂಡ ಬೀಳುತ್ತದೆ, ಕಂಡಕ್ಟರ್‌ಗೂ ಮೆಮೊ ಬರುತ್ತದೆ.

ಎಡವಟ್ಟು ಎರಡು ಕಡೆ ಆಗುತ್ತದೆ. ಸ್ಟೇಜ್‌ಗಳು ಹತ್ತಿರ ಹತ್ತಿರ ಇದ್ದು ಬಸ್ಸು ಕಿಕ್ಕಿರಿದಾಗ, ಪ್ರತಿಯೊಬ್ಬರ ಕಾರ್ಡ್ ನೋಡಿ ಚೀಟಿ ಹರಿಯುವಷ್ಟರಲ್ಲಿ ಮುಂದಿನ ಸ್ಟೇಜ್ ಬಂದಿರುತ್ತದೆ. ಆಗ ಒಂದೋ ಬಸ್ಸು ಅಲ್ಲೇ ನಿಲ್ಲಬೇಕು, ಇಲ್ಲವೇ ಹತ್ತಾರು ಜನ ಚೀಟಿ ಇಲ್ಲದೆ ಇಳಿದುಹೋಗುತ್ತಾರೆ. ಇನ್ನೊಂದು ಇದರ ತಿರುಗುಮುರುಗು: ದುಡ್ಡು ಕೈಬದಲಾಗದ ಕಾರಣ, ಇಳಿಯುವ ಊರಿಗಿಂತ ಮುಂದಿನ ಊರಿಗೆ ಚೀಟಿ ಹರಿದರೂ ಪ್ರಯಾಣಿಕರು ತಕರಾರು ಮಾಡುವುದಿಲ್ಲ. ಕೇಳಿ ಹರಿಯಲು ಪುರುಸೊತ್ತಿಲ್ಲದೆ ಹೀಗಾಗಬಹುದು, ಬೇಕೆಂದೇ ಮಾಡಬಹುದು. ಹೇಗಾದರೂ ಬಿಲ್ ಊದಿಕೊಳ್ಳುವುದು ಸರ್ಕಾರದ್ದು. ಟ್ಯಾಪ್ ಮಾಡುವ ಕಾರ್ಡ್ ಬಂದರೆ ಮೊದಲ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಇಳಿಯುವಾಗಲೂ ಟ್ಯಾಪ್ ಮಾಡಿಸದ ಹೊರತು ಎರಡನೆಯದು ನೀಗುವುದಿಲ್ಲ.

2025ರ ಜುಲೈನಲ್ಲಿ ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಇದು ಹರಿದ ಚೀಟಿಗಳ ಲೆಕ್ಕ, ಫಲಾನುಭವಿಗಳ ಲೆಕ್ಕವಲ್ಲ. ಮನೆಯಿಂದ ಮೆಜೆಸ್ಟಿಕ್‌ಗೆ ಒಂದು, ಅಲ್ಲಿಂದ ಕೆಲಸದ ಜಾಗಕ್ಕೆ ಇನ್ನೊಂದು, ಸಂಜೆ ಮತ್ತೆರಡು. ಒಬ್ಬರದೇ ತಿಂಗಳಿಗೆ ನೂರು ಚೀಟಿ ಆಗಿಬಿಡುತ್ತದೆ. ಅದಕ್ಕಿಂತ ಉಪಯೋಗಕ್ಕೆ ಬರುವ ಅಂಕಿ ಬೇರೆ ಇದೆ. ಈ 500 ಕೋಟಿ ಪ್ರಯಾಣಗಳ ಒಟ್ಟು ಮೌಲ್ಯ ಸುಮಾರು 12,600 ಕೋಟಿ ರೂ. ಭಾಗಿಸಿದರೆ ಒಂದು ಚೀಟಿಗೆ 25 ರೂ.

ಧರ್ಮಸ್ಥಳ, ಸುಬ್ರಹ್ಮಣ್ಯದ ಬಸ್ಸುಗಳ ನೂಕುನುಗ್ಗಲಿನ ವಿಡಿಯೊ ನೋಡಿ "ಹೆಂಗಸರು ದೇವಸ್ಥಾನ ಸುತ್ತುತ್ತಿದ್ದಾರೆ" ಎಂದವರಿಗೆ ಈ 25 ರೂಪಾಯಿಯೇ ಉತ್ತರ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಇದರ ಹತ್ತು ಪಟ್ಟಿಗೂ ಮೇಲೆ. ಸರಾಸರಿ ಇಷ್ಟು ಕೆಳಗಿದೆ ಎಂದರೆ ಬಹುಪಾಲು ಓಡಾಟ ಹಳ್ಳಿಯಿಂದ ತಾಲ್ಲೂಕಿಗೆ, ಬಡಾವಣೆಯಿಂದ ಕಾರ್ಖಾನೆಗೆ, ಕಾಲೇಜಿಗೆ, ಆಸ್ಪತ್ರೆಗೆ. (ದೇವಸ್ಥಾನಕ್ಕೆ ಹೋದರೆ ತಪ್ಪೇನು ಎಂಬುದು ಬೇರೆ ಪ್ರಶ್ನೆ.) 25 ರೂಪಾಯಿಯ ಎರಡು ಟ್ರಿಪ್, ತಿಂಗಳಿಗೆ 25 ದಿನ ಅಂದರೆ 1,250 ರೂ. ಉಳಿತಾಯ. ದೂರದ ಊರಿನ ಕೆಲಸ ಒಪ್ಪಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಎಷ್ಟೋ ಮನೆಗಳಲ್ಲಿ ಇಷ್ಟು ಹಣದ ಮೇಲೇ ನಿಂತಿರುತ್ತದೆ.

ಈಗ ದುಡ್ಡಿನ ವಿಷಯ. 2025-26ರ ಬಜೆಟ್‌ನಲ್ಲಿ ಶಕ್ತಿಗೆ ಇಟ್ಟದ್ದು 5,300 ಕೋಟಿ ರೂ. ನಿಗಮಗಳ ಕಷ್ಟ ಈ ಮೊತ್ತ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಯಾವಾಗ, ಎಷ್ಟು ಬರುತ್ತದೆ ಎಂಬುದರಲ್ಲಿದೆ. ಡೀಸೆಲ್‌ಗೆ ಇವತ್ತೇ ಹಣ ಬೇಕು. ಚೀಟಿಯ ಹಣ ಬಿಲ್ ಆಗಿ, ಮಂಜೂರಾಗಿ ಬರಬೇಕು. ನಡುವಿನ ಕಂದಕದಲ್ಲಿ ಇಂಧನದ ಬಾಕಿ, ಭವಿಷ್ಯನಿಧಿಯ ಬಾಕಿ ಬೆಳೆಯುತ್ತವೆ. ಅದನ್ನು ತುಂಬಿಕೊಳ್ಳಲು ನಿಗಮಗಳಿಗೆ 2,000 ಕೋಟಿ ರೂ. ಸಾಲಕ್ಕೆ ಸರ್ಕಾರವೇ ಅನುಮತಿ ಕೊಡಬೇಕಾಯಿತು. 2025ರ ಜನವರಿ 5ರಿಂದ ದರ ಶೇ 15 ಏರಿತು. ಬಿಎಂಟಿಸಿಯಲ್ಲಿ 2015ರ ನಂತರ ಏರಿಕೆಯೇ ಆಗಿರಲಿಲ್ಲ, ಹಾಗಾಗಿ ಏರಿಸಿದ್ದು ತಪ್ಪಲ್ಲ. ಆದರೆ ಅದರ ಬಿಸಿ ತಟ್ಟಿದ್ದು ಅದೇ ಬಸ್ಸಿನಲ್ಲಿ ನಿಂತು ಹೋಗುವ ಗಂಡಸರಿಗೆ, ಹೊರರಾಜ್ಯದ ವಿಳಾಸದ ಕಾರಣ ಟಿಕೆಟ್ ಕೊಳ್ಳುವ ಹೆಂಗಸರಿಗೆ ಮಾತ್ರ. ಜೊತೆಗೆ ಪ್ರತಿ ಶೂನ್ಯ ಟಿಕೆಟ್‌ನ ಮೌಲ್ಯವೂ ಅಷ್ಟೇ ಏರಿತು, ಅಂದರೆ ಸರ್ಕಾರ ತನ್ನ ಬಿಲ್ಲನ್ನು ತಾನೇ ದೊಡ್ಡದು ಮಾಡಿಕೊಂಡಿತು. ಹೊತ್ತಿಗೆ ಸರಿಯಾಗಿ ಪಾವತಿ ಮಾಡದಿದ್ದರೆ ಈ ಏರಿಕೆ ಕಾಗದದ ಮೇಲಿನ ಆದಾಯ ಅಷ್ಟೆ.

ಸೇವೆ ನಿಜಕ್ಕೂ ಸೋಲುವುದು ಬೆಳಿಗ್ಗೆ ಎಂಟರ ಬಸ್ಸಿನಲ್ಲಿ. ಶಕ್ತಿಗೆ ಮುಂಚೆ ನಾಲ್ಕೂ ನಿಗಮಗಳಲ್ಲಿ ದಿನಕ್ಕೆ ಸುಮಾರು 85 ಲಕ್ಷ ಜನ ಓಡಾಡುತ್ತಿದ್ದರು. ನಂತರ ಅದು ಒಂದು ಕೋಟಿ ದಾಟಿತು. ಬಸ್ಸುಗಳು ಆ ಲೆಕ್ಕದಲ್ಲಿ ಏರಲಿಲ್ಲ. ಬಂದ ಹೊಸ ಬಸ್ಸುಗಳಲ್ಲಿ ಒಂದಷ್ಟು ಹಳೆಯದರ ಬದಲಿಗೇ ಹೋಗುತ್ತವೆ. ಪರಿಣಾಮವಾಗಿ, ಹಳ್ಳಿಗೆ ಇರುವ ಒಂದೇ ಟ್ರಿಪ್ ಹಿಂದಿನ ಊರಲ್ಲೇ ತುಂಬಿ ಮುಂದಿನ ಊರಲ್ಲಿ ನಿಲ್ಲಿಸುವುದೇ ಇಲ್ಲ, ಅಲ್ಲಿನ ಕಾಲೇಜು ಮಕ್ಕಳಿಗೆ ಪಾಸ್ ಇದ್ದೂ ಬಸ್ಸಿಲ್ಲ. ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳಲ್ಲಿ ಅರ್ಧ ಸೀಟು ಗಂಡಸರಿಗೆ ಎಂಬ ನಿಯಮ ಇಂಥ ಹೊತ್ತಿನಲ್ಲಿ ಯಾರಿಗೂ ನೆನಪಿರುವುದಿಲ್ಲ.

ಇನ್ನು ಕರಾವಳಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಊರೂರಿಗೆ ಹೋಗುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅಲ್ಲಿ ಸರ್ಕಾರಿ ಬಸ್ಸು ಓಡದ ಮಾರ್ಗದ ಹೆಂಗಸರಿಗೆ ಶಕ್ತಿ ಇದ್ದೂ ಇಲ್ಲ. ಚೀಟಿಯ ಬದಲು ಹೊಸ ಮಾರ್ಗಗಳಿಗೆ ಹಣ ಕೊಡುವ ಒಂದು ಪಾಲು ಯೋಜನೆಯಲ್ಲೇ ಇರಬೇಕಿತ್ತು.

ಐದಕ್ಕೆ ಮೂರೂವರೆ ಕೊಡಬಹುದು. ಅರ್ಧ ಅಂಕ ಸ್ಮಾರ್ಟ್ ಕಾರ್ಡಿಗಾಗಿ, ಉಳಿದ ಒಂದು ಬಸ್ಸುಗಳಿಗಾಗಿ ತಡೆಹಿಡಿದದ್ದು. ಬಳಸುವವರಿಗೆ ಇಷ್ಟು: ಹತ್ತಿದ ಕೂಡಲೇ ಇಳಿಯುವ ಊರನ್ನು ಸರಿಯಾಗಿ ಹೇಳಿ, ಚೀಟಿಯಲ್ಲಿ ಅದೇ ಊರು ಇದೆಯೇ ನೋಡಿ, ಇಳಿಯುವವರೆಗೆ ಬಿಸಾಡಬೇಡಿ. ನಿಮ್ಮ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸದೆ ಹೋದರೆ ಬಸ್ಸಿನ ನಂಬರು, ದಿನಾಂಕ, ಸಮಯ ಬರೆದು ಡಿಪೊ ಮ್ಯಾನೇಜರ್‌ಗೆ ಕೊಡಿ. ಹೆಚ್ಚುವರಿ ಟ್ರಿಪ್ ಕೇಳುವುದಾದರೆ ಊರವರೆಲ್ಲ ಸಹಿ ಹಾಕಿ, ಯಾವ ಹೊತ್ತಿಗೆ ಎಷ್ಟು ಜನ ಕಾಯುತ್ತಾರೆ ಎಂಬ ಲೆಕ್ಕದ ಸಮೇತ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಡಿ. ಹತ್ತಲಾಗದೆ ಉಳಿದವರು ಎಷ್ಟು ಎಂಬುದು ಶೂನ್ಯ ಟಿಕೆಟ್‌ನ ಮಷಿನ್‌ಗೆ ಗೊತ್ತಾಗುವುದಿಲ್ಲ.